ಅವ್ವ ಎಬ್ಬಿಸಿದ ನೆಟ್‌ವರ್ಕ್

ನಾ ಕೆಲಸ ಮಾಡೂ ಯರಗಟ್ಟಿಯ ರಿಪೇರಿ ಅಂಗಡಿಯಾಗ ಇವತ್ತು ಹಳೇ ಕಂಪ್ಯೂಟರಿನ ಕಾದ ಧೂಳಿನ ವಾಸನಿ ಬಂತು. ಬೈಲಹೊಂಗಲದ ಹತ್ತಿ ಸೊಸೈಟಿಯಾಗ ಅವ್ವ ನಡಸತಿದ್ದ ಯುನಿಕ್ಸ್ ಅನ್ನೂ ಸಿಸ್ಟಮ್ಮಿನ ಕಂಪ್ಯೂಟರಿನ ವಾಸನಿ ಅದು. ಸಾಲಿ ಸೂಟಿಯಾಗ ನಾನೂ ಅಲ್ಲೇ ಇರತಿದ್ದೆ.

ಒಂದಿನ ಕಂಪ್ಯೂಟರ್ ಚಾಲೂ ಆತು, ನೆಟ್‌ವರ್ಕ್ ಮಾತ್ರ ಏಳಲಿಲ್ಲ. ಬೆಳಗಾವಿಯಿಂದ ಬಂದ ಇಂಜಿನಿಯರ್, "ಹಳೇದಾತು, ಒಗೀರಿ. ಇದು ನಿಮಗ ತಿಳಿಯೂದಲ್ಲ," ಅಂದ.

"ತಿಳಿಯೂತನಕ ನಾ ಏಳಂಗಿಲ್ರಿ," ಅಂತಂದು ಅವ್ವ ಪರದೆ ಮ್ಯಾಲಿನ ಒಂದೊಂದೇ ಸಾಲು ಓದಿದ್ಲು. ಹಿಂದಿನ ವಾರ ಆ ಇಂಜಿನಿಯರೇ ಕಂಪ್ಯೂಟರಿನ ಹೆಸರು ಬದಲಿಸಿದ್ದ. ನೆಟ್‌ವರ್ಕ್ ವಿಳಾಸ ಬರದಿಟ್ಟ ಫೈಲಿನ್ಯಾಗ ಹಳೇ ಹೆಸರೇ ಉಳಿದಿತ್ತು, ಹಿಂಗಾಗಿ ಕಂಪ್ಯೂಟರಿಗೆ ತನ್ನ ವಿಳಾಸ ಸಿಗತಿರಲಿಲ್ಲ. ಅವ್ವ ತಿದ್ದಿದ್ಲು, ನೆಟ್‌ವರ್ಕ್ ಎದ್ದಿತು.

ರಿಪೋರ್ಟಿನ್ಯಾಗ 'ಸರಿ ಮಾಡಿದವರು' ಅಂತಿದ್ದಲ್ಲಿ ಆ ಇಂಜಿನಿಯರ್ ತನ್ನ ಹೆಸರು ಬರದ. ಅವ್ವ ಅದಕ್ಕ ಗೀಟು ಹೊಡದು ತನ್ನದು ಬರದ್ಲು.

ಈಗ ನನ್ನ ಕೆಲಸಕ್ಕ ಯಾರರ ತಮ್ಮ ಹೆಸರು ಹಚ್ಚಿದ್ರ, ನಾ ಪೆನ್ನು ಕೇಳತೇನಿ.