ಹೆಳವರ ನರಸಪ್ಪ ಬಿಟ್ಟ ಮನೆ

ಸೇಡಂ ದಾಟಿ ಚಿಂಚೋಳಿ ಕಡೆ ಹೊರಟರೆ ಸಿಗುವ ಬಿಳಿಗಲ್ಲೂರಿನಲ್ಲಿ ಅಗಸಿ ಬಾಗಿಲ ಒಳಗಿರುವುದೇ ಹಳೇ ಊರು. ಅಲ್ಲಿ ಯಾವ ಮನೆತನ ಯಾವಾಗ ಬಂದು ನೆಲೆ ನಿಂತಿತೆಂದು ಊರವರಿಗಿಂತ ಚೆನ್ನಾಗಿ ಬಲ್ಲವನು ಹೆಳವರ ನರಸಪ್ಪ. ವಂಶಾವಳಿ ಹೇಳುವುದೇ ಹೆಳವರ ಕಸುಬು. ಪ್ರತಿ ಸುಗ್ಗಿಗೂ ಅವನು ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದ. ಅಗಸಿ ಕಟ್ಟೆಯ ಮುಂದೆ ನಿಂತು ಊರು ಕಟ್ಟಿದ ನಾಲ್ಕು ಮನೆಗಳ ಕಥೆ ಹಾಡುತ್ತಿದ್ದ. ಯಾವ ಮನೆಯ ಹೆಸರು ಬಂತೋ ಆ ಮನೆಯವರು ಎದ್ದು ಬಂದು ಅವನ ಜೋಳಿಗೆಗೆ ಒಂದು ಮೊರ ಜೋಳ ಸುರಿಯಬೇಕು. ವರ್ಷವೂ ಅದೇ ಹಾಡು, ಅದೇ ರಾಗ. ಆದರೂ ಊರು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ತನ್ನ ಮುತ್ತಜ್ಜನ ಹೊಗಳಿಕೆ ಯಾರಿಗೆ ಸಾಕೆನಿಸುತ್ತದೆ?

ಹಾಡಿನಲ್ಲಿ ನಾಲ್ಕನೆಯದು ಊರು ಕಾಯುವ ತಳವಾರರ ಮನೆ. ನಿಜ ಹೇಳಬೇಕೆಂದರೆ ಅದೇ ಮೊದಲನೆಯದು. ಈಗ ಊರ ಯಜಮಾನಿಕೆ ನಡೆಸುವ ಮಾಲಿಪಾಟೀಲರ ಮೂಲಪುರುಷ ತಲೆಯ ಮೇಲೆ ರುಮಾಲೂ ಇಲ್ಲದೆ ಎಲ್ಲಿಂದಲೋ ಓಡಿ ಬಂದಾಗ ತಳವಾರರ ಹಿರಿಯಳೊಬ್ಬಳು ಅಂಬಲಿ ಕುಡಿಸಿ ಉಳಿಸಿಕೊಂಡಳು ಎಂಬುದು ಆ ಮನೆಯ ಕಥೆ. ಈಗ ಅಲ್ಲಿ ಉಳಿದವಳು ಹಣಮಮ್ಮ ಒಬ್ಬಳೇ. ಗಂಡನಿಲ್ಲ, ಮಕ್ಕಳಿಲ್ಲ. ವರ್ಷಕ್ಕೊಮ್ಮೆ ಊರೆದುರು ತನ್ನ ಮನೆಯ ಹೆಸರು ಕೇಳುವುದಷ್ಟೇ ಅವಳ ಪಾಲಿಗಿದ್ದ ದೊಡ್ಡಸ್ತಿಕೆ.

ಮೈಸೂರು ರಾಜ್ಯ ಹೋಗಿ ಕರ್ನಾಟಕವಾದ ಮೊದಲ ಸುಗ್ಗಿ. ಅಮೃತಪ್ಪ ಮಾಲಿಪಾಟೀಲರ ಮನೆಗೆ ಹೊಸ ಬೀಗರು ಬಂದಿದ್ದರು. ಪಾಟೀಲರು ನರಸಪ್ಪನನ್ನು ಕೊಟ್ಟಿಗೆಯ ಮರೆಗೆ ಕರೆದರು.

"ಈ ವರ್ಷ ಆ ಅಂಬಲಿ ಸುದ್ದಿ ಬ್ಯಾಡೋ ನರಸಪ್ಪ. ಮೂರು ಮನಿ ಹೇಳಿ ಮುಗಸು. ಬೀಗರ ಮುಂದ ನಮ್ಮ ಮಾನ ಏನ್ ಉಳೀತದ?"

"ಹೇಳದಿದ್ರ ಹ್ಯಾಂಗ್ರಿ? ಅದೂ ಊರು ಕಟ್ಟಿದ ಮನಿ."

"ರಾಜ್ಯದ ಹೆಸರೇ ಬದಲ್ಯಾಗ್ಯದ. ಒಂದು ಮನೀ ಹೆಸರು ಬಿಟ್ರ ಆಕಾಶ ಕಳಚಿ ಬೀಳ್ತದೇನು?"

ಪಾಟೀಲರು ಮುನಿದರೆ ಸುತ್ತಲಿನ ಹಳ್ಳಿಗಳ ಅಗಸಿಯೂ ತನಗೆ ಮುಚ್ಚುತ್ತದೆಂದು ನರಸಪ್ಪ ಹೆದರಿದ. ಕಟ್ಟೆಯ ಮುಂದೆ ಮೂರು ಮನೆ ಹೇಳಿ ಮುಕ್ತಾಯದ ಗಂಟೆ ಬಾರಿಸಿಬಿಟ್ಟ. ಹಣಮಮ್ಮ ಆಗಲೇ ಮೊರ ಹಿಡಿದು ಎದ್ದು ನಿಂತಿದ್ದಳು. ಯಾರೋ ಕಿಸಕ್ಕನೆ ನಕ್ಕರು. ಅವಳು ಮಾತ್ರ ಸಾವಕಾಶವಾಗಿ ಬಂದು ಜೋಳ ಸುರಿದಳು.

"ನಿಂಗೂ ವಯಸ್ಸಾತು, ಮರತಿ," ಎಂದಳು ಮೆಲ್ಲಗೆ. "ಇರ್ಲಿ ಬಿಡು, ಭಾಳ ಮನಸಿಗಿ ಹಚ್ಕೋಬ್ಯಾಡ."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ನರಸಪ್ಪನಿಗೆ. ಯಾವ ಊರಲ್ಲಿ ಯಾರು ಮರೆವಿನ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಉಂಡ ಮನೆಗೇ ಎರಡು ಬಗೆದೆನಲ್ಲ ಎಂದು ವರ್ಷವಿಡೀ ತನ್ನನ್ನು ತಾನೇ ಶಪಿಸಿಕೊಂಡ.

ಮರುವರ್ಷ ಕಟ್ಟೆಗೆ ಹೋಗುವ ಮೊದಲು ಅವನು ಹಣಮಮ್ಮನ ಬಾಗಿಲಲ್ಲಿ ಎತ್ತು ನಿಲ್ಲಿಸಿದ. ಅವಳೊಬ್ಬಳಿಗೇ ಆ ಮನೆಯ ಕಥೆಯನ್ನೆಲ್ಲ, ಒಂದು ಹೆಸರೂ ಬಿಡದೆ, ಹಾಡಿದ. ಅವಳು ಕಸಬರಿಗೆ ಹಿಡಿದೇ ಕೇಳಿದಳು.

"ನನಗ್ಯಾಕ ಹೇಳ್ತಿ? ನನಗ ಗೊತ್ತದ. ಕಟ್ಟಿ ಮುಂದ ನಿಂತು ಊರಿಗಿ ಹೇಳು."

"ಪಾಟೀಲರು ಬ್ಯಾಡ ಅಂದಾರವ್ವ. ಹ್ವಾದ ವರ್ಷನೂ ಅವರೇ..."

ಮಾತು ಜಾರಿತ್ತು. ಹಣಮಮ್ಮ ಅವನ ಮುಖವನ್ನೇ ನೋಡಿದಳು.

"ಹಂಗಾದ್ರ ನೀ ಮರತಿರಲಿಲ್ಲ?"

ಅವಳು ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಆ ದಿನ ಕಟ್ಟೆಯ ಮುಂದೆ ಅವನು ತಳವಾರರ ಮನೆಯಿಂದಲೇ ಶುರುಮಾಡಿದ. ಅಂಬಲಿಯ ಮಾತು ಬಂದಾಗ ಪಾಟೀಲರು ಧೋತರ ಕೊಡವಿಕೊಂಡು ಎದ್ದು ಹೋದರು. ಅವರ ಹಿಂದೆಯೇ ಅರ್ಧ ಕಟ್ಟೆ ಖಾಲಿಯಾಯಿತು. ಅವನು ನಿಲ್ಲಿಸಲಿಲ್ಲ. ಹಳೇ ಊರಿನ ಕಡೆಯ ಮನೆಗೂ ಕೇಳುವಂತೆ ಗಂಟಲು ಹರಿದುಕೊಂಡು ಕೂಗಿದ. ಹಣಮಮ್ಮ ಬಾಗಿಲು ತೆರೆಯಲೇ ಇಲ್ಲ.