ಚನ್ನವ್ವನ ಬೂತಿಗೆ ಮುಗಿಯದ ಮೇ ತಿಂಗಳು

ಚೆಂಬೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜುಲೈ ಮಳೆ ಸಣ್ಣಗೆ ಹಿಡಿದಿದೆ. ಕಾಲೊನಿಯ ಗೇಟಿನ ಪಕ್ಕದ ಹಾಲಿನ ಬೂತಿನಲ್ಲಿ ಚನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೆಂಪೋದಿಂದ ಇಳಿದ ಕ್ರೇಟುಗಳನ್ನು ಒಳಗೆಳೆದುಕೊಳ್ಳುತ್ತಿದ್ದಾರೆ. ಕೊಡೆ ಹಿಡಿದವರ ಸಾಲು ಆಗಲೇ ಗೇಟು ದಾಟಿದೆ.

“ನಿನ್ನೆ ಕೊಟ್ಟ ಪ್ಯಾಕೆಟ್ಟು ತೂತಾಗಿತ್ತು ಕಣೇ,” ಎನ್ನುತ್ತಾರೆ ಮೈಸೂರು ಕಡೆಯ ಅಮ್ಮಣ್ಣಿ.

“ನಿಮ್ಮ ಚೀಲದ ತೂತಾ ನೋಡ್ರಿ ಬಾಯಾರ. ಅದರಾಗ ಹಾಲಿನ ಟೆಂಪೋನ ತೂರಿ ಹೊರಗ ಬರ್ತೈತಿ!”

ಇಂಡಿ ಕಡೆಯ ಹಳ್ಳಿಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು ಚನ್ನವ್ವ. ಅವನು ತೀರಿಕೊಂಡ ಮೇಲೆ ಹಿಡಿದದ್ದು ಈ ಬೂತು. ಮೇ ಬಂತೆಂದರೆ ಕಾಲೊನಿ ಬರಿದು. ಮಕ್ಕಳ ರಜೆ, ಮನೆಮನೆಗೂ ಬೀಗ, ಎಲ್ಲರೂ ಊರಿಗೆ. ಉಳಿದ ನಾಲ್ಕಾರು ಮನೆಗಳಿಗಾಗಿ ಚನ್ನವ್ವ ಬಾಗಿಲು ತೆರೆದೇ ಇಡುತ್ತಾರೆ. ಬೂತು ಹಿಡಿದಂದಿನಿಂದ ಒಂದು ಬೇಸಿಗೆಯಲ್ಲೂ ಊರು ಕಂಡಿಲ್ಲ.

“ಆವಾಗ ನಮ್ಮೂರಾಗ ಶಾವಿಗಿ ಹೊಸೀತಾರ್ರಿ, ಅಕ್ಕತಂಗ್ಯಾರು ಕೂಡಿ. ನನ್ನ ಕೈ ಇಲ್ಲೇ ತಾವ ಹೊಸದಂಗ ಆಡ್ತಾವು.”

ಈ ತಿಂಗಳ ಮೊದಲಿಗೆ ಡೇರಿಯಿಂದ ನೋಟೀಸು ಬಂತು: ವ್ಯಾಪಾರ ಸಾಲದು, ಬೂತು ಮುಚ್ಚುತ್ತೇವೆ. ಆಫೀಸಿನ ಹೊಸ ಕಂಪ್ಯೂಟರು ‘ಕಳೆದ ಮೂವತ್ತು ದಿನ’ದ ಲೆಕ್ಕ ತೆಗೆದು ಹಾಗೆಂದಿತ್ತಂತೆ.

“ದಿನಾ ಸಾಲು ನಿಲ್ಲೋರು ಯಾರ್ರಿ ಹಂಗಾದರ, ದೆವ್ವಾ?”

ಬೀಗದ ಕೈ ಪಡೆಯಲು ಡೇರಿಯ ಸತ್ಯಮೂರ್ತಿ ಒಂದು ಮುಂಜಾನೆ ಬಂದರು. ನೇರ ಕಿಟಕಿಗೆ ನಡೆದವರನ್ನು ಅಮ್ಮಣ್ಣಿ ತಡೆದರು: “ಸಾಲಿಗೆ ಬನ್ನಿ ಸ್ವಾಮಿ, ನಾವೇನು ಮಳೇಲಿ ಪ್ರದರ್ಶನಕ್ಕೆ ನಿಂತಿದ್ದೀವಾ?” ಅವರು ಸಾಲಿನಲ್ಲಿ ನಿಂತರು. ಸರದಿ ಬರುವಷ್ಟರಲ್ಲಿ ಹಾಲೇ ಮುಗಿದಿತ್ತು. ಬೀಗದ ಕೈ ಕೇಳದೆ ಹಿಂದಿರುಗಿದರು.

ಅವರು ಆಫೀಸಿನಲ್ಲಿ ಲೆಕ್ಕ ಹುಡುಕಿದಾಗ ಕಾರಣ ಗೊತ್ತಾಯಿತು. ಆ ಯಂತ್ರಕ್ಕೆ ದಿನವೂ ಬೆಳಿಗ್ಗೆ ಅಂದಿನ ತಾರೀಖು ಒತ್ತಬೇಕು. ಒತ್ತುತ್ತಿದ್ದ ಪಂಕಜಾ ಮೇ ಕೊನೆಗೆ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದರು. ಬೇರೆ ಯಾರೂ ಒತ್ತಲಿಲ್ಲ. ಜೂನ್, ಜುಲೈ ವ್ಯಾಪಾರವೆಲ್ಲ ಒಳಗೆ ಸೇರುತ್ತಲೇ ಇದ್ದರೂ, ಮೂವತ್ತು ದಿನವನ್ನು ಅದು ಪಂಕಜಾ ಹೊರಟ ದಿನದಿಂದಲೇ ಹಿಂದಕ್ಕೆ ಎಣಿಸುತ್ತಿತ್ತು.

“ನಮ್ಮ ಕಂಪ್ಯೂಟರಿನಲ್ಲಿ ಇನ್ನೂ ಮೇ ತಿಂಗಳು ಕಣಮ್ಮ,” ಎಂದು ಸತ್ಯಮೂರ್ತಿಯೇ ಬಂದು ಹೇಳಿಹೋದರು. ಬೂತು ಉಳಿಯಿತು.

ಬರುವ ಮೇಯಲ್ಲಾದರೂ ಊರಿಗೆ ಹೋಗಬಹುದಲ್ಲ ಎಂದರೆ ಚನ್ನವ್ವ ಖಾಲಿ ಕ್ರೇಟು ಒರೆಸುತ್ತಾರೆ.

“ಬಾಗಿಲಾ ಹಾಕಿ ಹೋದರ, ಆ ಕಂಪ್ಯೂಟರು ಮತ್ತ ಮುಚ್ಚು ಅಂದೀತು.”

ಹಿಂದಿನ ಹಲಗೆಯ ಮೇಲೆ ಭರಣಿ, ಡಬ್ಬಿಗಳಿವೆ. ಅಮ್ಮಣ್ಣಿ ತಂದ ಮಾವಿನ ಮಿಡಿ, ಇನ್ನೊಬ್ಬರ ಹಪ್ಪಳ, ಮತ್ತೊಬ್ಬರ ಸಂಡಿಗೆ.

“ಎಲ್ಲಾರೂ ತಮ್ಮೂರಿಂದ ನನಗ ತರ್ತಾರ್ರಿ,” ಎನ್ನುತ್ತಾರೆ ಚನ್ನವ್ವ. “ಒಂದು ಬ್ಯಾಸಗಿ ನಾನೂ ಹೋಗಿ, ಇವರಿಗೆಲ್ಲಾ ಶಾವಿಗಿ ತರಬೇಕು.”