ಸೀರೆಗೆ ಹೋಗದ ದಾರ

ಆರ್‌ಎನ್‌ಎ ಎಷ್ಟು ಬಗೆ ಎಂದರೆ ಮೂರು, ಮೂರೂ ಜೀವಕೋಶದಲ್ಲಿ ಪ್ರೋಟೀನ್ ಮಾಡಲು ಇರುವಂಥವು. ಚಳ್ಳಕೆರೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಬೋರ್ಡಿನ ಮೇಲೆ ಅದನ್ನೇ ಬರೆದವನು ನಾನು. ನೋಟ್ಸಿನ ಹಾಳೆ ಹಳದಿಯಾಗಿತ್ತು, ಜಂಬ ಮಾತ್ರ ಮಾಸಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬೇಸಿಗೆಯಲ್ಲಿ ಎರಡು ತಿಂಗಳು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ನಮ್ಮಲ್ಲಿಂದ ಒಬ್ಬ ವಿದ್ಯಾರ್ಥಿಯನ್ನು ಕಳಿಸಬೇಕಿತ್ತು. ಆರಿಸುವವನು ನಾನೇ. ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನೇಕಾರರ ಮನೆಯ ಹುಡುಗಿಯೊಬ್ಬಳು ಹೆಸರು ಕೊಟ್ಟಳು. ಆಯ್ಕೆಯಾದರೆ ಮುಂದೆ ಓದಿಸುತ್ತೇನೆ, ಇಲ್ಲದಿದ್ದರೆ ಮಗ್ಗಕ್ಕೆ ಕೂರಬೇಕು ಎಂದು ಅವಳಪ್ಪ ಹೇಳಿದ್ದರು. ಅದು ನನಗೆ ಗೊತ್ತಿತ್ತು.

ಹೆಸರು ಕೊಟ್ಟವರೆಲ್ಲ ತರಗತಿಯ ಮುಂದೆ ನಿಂತು ಮಾತಾಡಬೇಕು. ಚಿತ್ರದುರ್ಗದ ಲೈಬ್ರರಿಯಲ್ಲಿ ಯಾವುದೋ ವಿಜ್ಞಾನ ಪತ್ರಿಕೆ ಓದಿಕೊಂಡು ಬಂದಿದ್ದ ಅವಳು, ಬ್ಯಾಕ್ಟೀರಿಯಾದೊಳಗೆ ಪುಟ್ಟ ಪುಟ್ಟ ಆರ್‌ಎನ್‌ಎಗಳೂ ಇವೆ ಎಂದಳು.

“ಅವು ಪ್ರೋಟೀನ್ ಮಾಡಲ್ಲ ಸಾರ್. ಜೀನಿಂದ ಬಂದ ಸಂದೇಶಕ್ಕೆ ಹೋಗಿ ಅಂಟ್ಕೊಂಡು, ಈಗ ಪ್ರೋಟೀನ್ ಬ್ಯಾಡ ಅಂತ ತಡೀತಾವೆ. ನಮ್ ಮಗ್ಗದ ಮ್ಯಾಲೆ ಎಳೆ ಎತ್ತಾಕೆ ಕಟ್ಟಿರೋ ದಾರ ಐತಲ್ಲ, ಅದು ಸೀರೆಗೆ ಹೋಗಲ್ಲ. ಆದ್ರೆ ಬುಟ್ಟಾ ಎಲ್ಲಿ ಬೀಳ್ಬೇಕು ಅನ್ನೋದು ಅದರ ಕೈಯಾಗೇ ಐತೆ.”

“ಇದು ಪುಸ್ತಕದಲ್ಲಿ ಎಲ್ಲಿದೆಯಮ್ಮ? ಜೀವಶಾಸ್ತ್ರ ಹೇಳ್ತಿದೀಯೋ, ಸೀರೆ ಮಾರ್ತಿದೀಯೋ?” ಎಂದೆ. ತರಗತಿ ಗೊಳ್ಳೆಂದಿತು. ಅವಳು ತಲೆ ತಗ್ಗಿಸಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಮೂರು ಬಗೆಯನ್ನು ಗಿಳಿಪಾಠದಂತೆ ಒಪ್ಪಿಸಿದವನನ್ನು ಬೆಂಗಳೂರಿಗೆ ಕಳಿಸಿದೆ. ಪರೀಕ್ಷೆ ಮುಗಿದ ಮೇಲೆ ಅವಳು ಚಳ್ಳಕೆರೆ ಬಸ್ಸು ಹತ್ತಲಿಲ್ಲ.

ಕೆಲವು ವರ್ಷಗಳಾದ ಮೇಲೆ ಹೊಸ ಪಠ್ಯ ಬಂತು. ಅದರಲ್ಲಿ ಆ ಪುಟ್ಟ ಆರ್‌ಎನ್‌ಎಗಳಿಗೇ ಒಂದು ಪಾಠ. ಓದುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಅನ್ನಿಸಿತು, ಅಷ್ಟೇ. ಮಾರನೆಯ ದಿನ ಹೋಗಿ ಪಾಠ ಮಾಡಿದೆ.

ಮಗಳ ಮದುವೆಗೆ ಸೀರೆ ನೋಡಲು ಮೊಳಕಾಲ್ಮೂರಿಗೆ ಹೋದಾಗ, ಒಂದು ಮನೆಯಲ್ಲಿ ಮಗ್ಗ ಬಿಟ್ಟು ಎದ್ದು ಬಂದವಳು ಅವಳೇ. ಗುರುತು ಹಿಡಿದು ನೀರು ಕೊಟ್ಟಳು. ಸುಮ್ಮನಿರಲಾರದೆ, “ನೀನು ಅವತ್ತು ಹೇಳಿದ್ದು ಈಗ ಪುಸ್ತಕಕ್ಕೆ ಬಂದಿದೆಯಮ್ಮ” ಎಂದೆ.

“ಹೌದಾ ಸಾರ್?” ಅವಳ ಮುಖ ಅರಳಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಹುಡುಗ್ರಿಗೆ ತಿಳಿಯಂಗೆ ಹೆಂಗೆ ಹೇಳ್ತೀರಿ?”

ಪ್ರತಿ ವರ್ಷ ನಾನು ಹೇಳುವುದು ಅವಳ ಮಗ್ಗದ ದಾರದ ಮಾತನ್ನೇ, ನನಗೇ ಹೊಳೆದದ್ದು ಎಂಬಂತೆ. ಹುಡುಗರು ಮೆಚ್ಚಿ ತಲೆದೂಗುತ್ತಾರೆ.

“ಪುಸ್ತಕದಲ್ಲಿ ಇರೋ ಹಾಗೇ ಹೇಳ್ತೀನಮ್ಮ” ಎಂದೆ.